ತುಂಬಿದ ವರ್ಷ, ಬಿದ್ದ ವರ್ಷ

ಕಾಗದ ಬಂದು ಮೂರು ದಿನವಾಗಿತ್ತು. ಯಾರೂ ಅದನ್ನು ಒಡೆದಿರಲಿಲ್ಲ.

ಓದಲೆಂದು ಬೇರೆ ದೇಶಕ್ಕೆ ಹೋಗಿ, ಅಲ್ಲೇ ನೆಲೆ ನಿಲ್ಲಬೇಕೆಂದು ಆಸೆಪಟ್ಟ ಯಾವ ಮನೆಯಲ್ಲಿ ಬೇಕಾದರೂ ಕೇಳಿ ನೋಡಿ, ಇಂಥ ಒಂದು ಕಾಗದದ ಕಥೆ ಇದ್ದೇ ಇರುತ್ತದೆ. ಕಂದು ಬಣ್ಣದ ಲಕೋಟೆ, ಮೂಲೆಯಲ್ಲಿ ವಲಸೆ ಕಚೇರಿಯ ಮುದ್ರೆ. ಈ ಮನೆಯಲ್ಲಿ ಅದು ಅಡುಗೆಮನೆಯ ಡ್ರಾಯರಿನಲ್ಲಿ, ಚಮಚಗಳ ಕೆಳಗೆ ಮಲಗಿತ್ತು.

ಮನೆಯಾಕೆ ಕಟ್ಟುಹಲ್ಲು ತಯಾರಿಸುವ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಾಳೆ. ಆ ವಿದ್ಯೆ ಕಲಿಯಲೆಂದೇ ಈ ದೇಶಕ್ಕೆ ಬಂದವಳು. ಮೇಣದಲ್ಲಿ ಹಲ್ಲು ಕೆತ್ತಿ, ಅಚ್ಚು ತೆಗೆದು, ಮೇಲಿನ ಸಾಲು ಕೆಳಗಿನ ಸಾಲಿಗೆ ಸರಿಯಾಗಿ ಕೂರುತ್ತದೆಯೋ ಎಂದು ತೆಳು ಕಾಗದ ಇಟ್ಟು ನೋಡುತ್ತಾಳೆ. ಒಂದು ಹಲ್ಲು ಕೂದಲೆಳೆಯಷ್ಟು ಎತ್ತರವಾದರೂ ಹಾಕಿಕೊಂಡವರ ದವಡೆಯೆಲ್ಲ ನೋಯುತ್ತದೆ ಎಂದು ಅವಳಿಗೆ ಗೊತ್ತು. ಕಟ್ಟಡದವರೆಲ್ಲ ಅವಳನ್ನು ಹಲ್ಲಿನಕ್ಕ ಎಂದೇ ಕರೆಯುವುದು. ಗಂಡ ಸಿಟಿ ಬಸ್ ಡ್ರೈವರ್. ಅವನು ಈ ದೇಶದಲ್ಲಿರಲು ಸಿಕ್ಕಿರುವ ಪರವಾನಗಿ ಹೆಂಡತಿಯ ಪರವಾನಗಿಗೆ ಜೋತುಬಿದ್ದದ್ದು. ಅವಳದು ಹೋದರೆ ಅವನದೂ ಹೋಯಿತು, ಪುಟ್ಟ ಮಗಳದೂ ಹೋಯಿತು.

"ಇವತ್ತಾದ್ರೂ ಒಡೀರಿ," ಎಂದಳು ಹಲ್ಲಿನಕ್ಕ.

"ಒಡೆದ್ರೆ ತಾನೇ ನಮಗೆ ಮುಟ್ಟಿದ ಹಾಗೆ? ಒಡೀದೆ ಇದ್ರೆ ಇನ್ನೂ ಬಂದಿಲ್ಲ ಅಂತ ಲೆಕ್ಕ."

"ಬೆಕ್ಕು ಕಣ್ಮುಚ್ಚಿ ಹಾಲು ಕುಡಿದ ಹಾಗಾಯ್ತು ನಿಮ್ಮ ಲೆಕ್ಕ. ನೀವೇ ಒಡೀರಿ, ನನಗೆ ಕೈ ನಡುಗುತ್ತೆ."

"ನನಗೇನು ಕೈ ಕಬ್ಬಿಣದ್ದಾ?"

ಇಬ್ಬರಿಗೂ ಭಯ. ಎರಡು ತಿಂಗಳ ಹಿಂದೆ ಡ್ರೈವರ್ ಹೆಂಡತಿಯ ಹೆಸರಿನಲ್ಲಿ ಪೌರತ್ವಕ್ಕೆ ಅರ್ಜಿ ತುಂಬಿದ್ದ. ಅವಳಿಗೆ ಆ ವಾರ ಎರಡು ಪಾಳಿ ಕೆಲಸ. ಕೂದಲೆಳೆಯಷ್ಟು ತಪ್ಪನ್ನೂ ಬಿಡದ ಹೆಂಗಸು, ಹನ್ನೊಂದು ಪುಟದ ಅರ್ಜಿಗೆ ಓದದೆ ಸಹಿ ಹಾಕಿದ್ದಳು. ಅದರ ಉತ್ತರವೇ ಈ ಲಕೋಟೆ ಎಂದು ಇಬ್ಬರಿಗೂ ಅನಿಸಿತ್ತು. ಒಳ್ಳೆಯ ಸುದ್ದಿಯಾಗಿದ್ದರೆ ಲಕೋಟೆ ಇಷ್ಟು ತೆಳ್ಳಗಿರುತ್ತಿತ್ತೇ?

ಆ ಮೂರು ದಿನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದರೆ ಮಾತು ನಿಲ್ಲುತ್ತಿತ್ತು. ಮೀಟರ್ ನೋಡುವವನು ಸಮವಸ್ತ್ರ ಹಾಕಿಕೊಂಡು ಬಂದಾಗ ಡ್ರೈವರ್ ಬಚ್ಚಲಮನೆಗೆ ಹೋಗಿ ಚಿಲಕ ಹಾಕಿಕೊಂಡಿದ್ದ. ಬಸ್ಸಿನ ಪಕ್ಕ ಪೊಲೀಸ್ ವ್ಯಾನು ಬಂದು ನಿಂತರೆ ಸ್ಟೇರಿಂಗ್ ಒದ್ದೆಯಾಗುತ್ತಿತ್ತು. ಮಗಳು ಪುಟ್ಟಿಗೂ ಇದರ ವಾಸನೆ ಬಡಿದಿತ್ತು. "ಅಮ್ಮಾ, ನಾವು ಕಳ್ಳರಾ?" ಎಂದು ಕೇಳಿದ್ದಳು. ಹಲ್ಲಿನಕ್ಕ ಅವಳನ್ನು ಎತ್ತಿಕೊಂಡು ಕಿಟಕಿ ಮುಚ್ಚಿದಳು.

ಮೂರನೆಯ ದಿನ ಸಂಜೆ ಬಾಗಿಲು ಬಡಿದ ಸದ್ದಾಯಿತು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಡ್ರೈವರ್ ತುಟಿಯ ಮೇಲೆ ಬೆರಳಿಟ್ಟ. ಮತ್ತೆ ಬಡಿತ.

"ಒಳಗೆ ಮೂರು ಜನ ಉಸಿರು ಬಿಗಿ ಹಿಡಿದಿರೋದು ಇಲ್ಲಿಗೆ ಕೇಳುತ್ತೆ. ತೆಗೀರೋ! ನಾನು."

ಕೆಳಮಹಡಿಯ ದರ್ಜಿ ದೊಡ್ಡಮ್ಮ. ಬಟ್ಟೆ ಹೊಲಿಯುವ ವಿದ್ಯೆ ಕಲಿಯಲು ಹರೆಯದಲ್ಲಿ ಇಲ್ಲಿಗೆ ಬಂದವಳು, ಈಗ ಹದಿನೆಂಟು ವರ್ಷದಿಂದ ಈ ದೇಶದ ಪ್ರಜೆ. ಕೈಯಲ್ಲಿ ಪುಟ್ಟಿಯ ಕೋಟು, ತೋಳು ಬಿಚ್ಚಿ ಉದ್ದ ಮಾಡಲು ತೆಗೆದುಕೊಂಡು ಹೋಗಿದ್ದದ್ದು.

"ಬಟ್ಟೆ ಇನ್ನೂ ಸ್ವಲ್ಪ ಒಳಗೆ ಮಡಚಿದ್ದೀನಿ, ಮುಂದಿನ ವರ್ಷಕ್ಕೂ ಆಗುತ್ತೆ. ಎಷ್ಟು ಈಗ ಇವಳಿಗೆ?"

"ಐದು ತುಂಬಿ ಆರಕ್ಕೆ ಬಿದ್ದಿದೆ," ಎಂದಳು ಹಲ್ಲಿನಕ್ಕ. ಚಹಾ ಕಲಕಲು ಚಮಚ ತೆಗೆಯಲೆಂದು ಡ್ರಾಯರ್ ಎಳೆದಳು. ಲಕೋಟೆ ಕಾಣಿಸಿತು. ತಟ್ಟನೆ ಮುಚ್ಚಿದಳು. ಆದರೆ ಸೂಜಿಯ ಕಣ್ಣಿಗೆ ದಾರ ಹಾಕುವವಳ ಕಣ್ಣು ಅದು.

"ಅದೇನದು?"

"ಏನಿಲ್ಲ ದೊಡ್ಡಮ್ಮ."

"ಏನಿಲ್ಲದ್ದಕ್ಕೆ ಮುದ್ರೆ ಹಾಕ್ತಾರಾ? ಎಷ್ಟು ದಿನ ಆಯ್ತು ಬಂದು?"

"ಮೂರು," ಎಂದ ಡ್ರೈವರ್, ನೆಲ ನೋಡುತ್ತ.

"ಮೊಟ್ಟೆ ಅಂದ್ಕೊಂಡು ಕಾವು ಕೊಡ್ತಾ ಇದ್ದೀರಾ? ಇಲ್ಲಿ ಕೊಡಿ."

ದೊಡ್ಡಮ್ಮ ಸೊಂಟದ ಚೀಲದಿಂದ ಸಣ್ಣ ಕತ್ತರಿ ತೆಗೆದು ಅಂಚು ಕತ್ತರಿಸಿದಳು. ಒಂದೇ ಹಾಳೆ. ಅವಳು ನಿಧಾನವಾಗಿ, ಕನ್ನಡದಲ್ಲಿ ಬಿಡಿಸಿ ಬಿಡಿಸಿ ಹೇಳಿದಳು. ಈ ದೇಶದಲ್ಲಿ ಪೂರ್ತಿ ಐದು ವರ್ಷ ವಾಸವಾಗಿದ್ದೇನೆ ಎಂದು ನೀವು ಸಹಿ ಮಾಡಿ ತಿಳಿಸಿದ್ದೀರಿ. ನಮ್ಮ ದಾಖಲೆಗೆ ಅದು ತಾಳೆಯಾಗುತ್ತಿಲ್ಲ. ಈ ತಿಂಗಳ ಹದಿನೈದರೊಳಗೆ ವಿವರಣೆ ಕೊಡಬೇಕು. ಬೇಕೆಂದೇ ಸುಳ್ಳು ಹೇಳಿದ್ದೆಂದು ಕಂಡುಬಂದರೆ ಮುಂದಿನ ಹತ್ತು ವರ್ಷ ನೀವು ಅರ್ಜಿ ಹಾಕುವಂತಿಲ್ಲ. ಕೊನೆಯಲ್ಲಿ ಇನ್ನೊಂದು ಸಾಲು ಇತ್ತು: ನಿಮ್ಮ ಈಗಿನ ಕೆಲಸದ ಪರವಾನಗಿ ಹತ್ತೊಂಬತ್ತಕ್ಕೆ ಮುಗಿಯುತ್ತದೆ.

ಅಂದು ತಾರೀಖು ಆರು.

ಹಲ್ಲಿನಕ್ಕ ಹಾಳೆಯನ್ನು ಕಿತ್ತುಕೊಂಡು ಆ ಸಾಲು ಹುಡುಕಿದಳು. "ಸುಳ್ಳು... ನಾನು ಸುಳ್ಳು ಹೇಳಿದೆ ಅಂತಾನಾ?"

"ಐದು ವರ್ಷ ಅಂತ ಬರೆದವರು ಯಾರು?"

"ನಾನೇ," ಎಂದ ಡ್ರೈವರ್. "ಆಗಿದೆಯಲ್ಲ ದೊಡ್ಡಮ್ಮ! ಸುಳ್ಳೇನಿದೆ? ನಾವು ಬಂದು ಐದಕ್ಕೆ ಬಿದ್ದಿದೆ."

"ಬಿದ್ದಿದೆ. ತುಂಬಿದೆಯಾ?"

ಡ್ರೈವರ್ ಬೆರಳು ಮಡಚಿ ಎಣಿಸತೊಡಗಿದ.

"ನಾಲ್ಕು ತುಂಬಿ ಐದಕ್ಕೆ ಬಿದ್ದಿದೆ. ಮಗುವಿನ ವಯಸ್ಸು ಹೇಳೋ ಹಾಗೆ ಸರ್ಕಾರಕ್ಕೆ ಲೆಕ್ಕ ಹೇಳಿದ್ದೀಯ. ನಮ್ಮ ಬಾಯಲ್ಲಿ ಕಾಲಿಟ್ಟ ವರ್ಷವೂ ವರ್ಷವೇ. ಅವರ ಪುಸ್ತಕದಲ್ಲಿ ತುಂಬಿದ್ದು ಮಾತ್ರ ವರ್ಷ. ಅದೂ ದಿನ ಎಣಿಸಿ."

ಒಂದು ಪದದಲ್ಲಿ ಇಡೀ ಸಂಸಾರ ಎಡವಿತ್ತು. ಹಲ್ಲಿನಕ್ಕ ಗಂಡನ ಮೇಲೆ ಕೂಗಾಡಲಿಲ್ಲ. ಸಹಿ ತನ್ನದು ಎಂಬುದು ಅವಳ ನೆನಪಿನಲ್ಲಿತ್ತು.

"ಪೌರತ್ವದ ಅರ್ಜಿ ಹೋಗಿದೆಯಲ್ಲ ಅಂತ ಕೆಲಸದ ಪರವಾನಗಿ ವಿಷಯ ಸುಮ್ಮನಿದ್ದೆ," ಎಂದ ಡ್ರೈವರ್. ಅವನ ಸ್ವರ ತಗ್ಗಿತ್ತು. "ನಡುವೆ ಖಾಯಂ ವಾಸದ ಪರವಾನಗಿ ಅಂತ ಒಂದಿದೆಯಂತೆ. ನೇರ ಮೇಲಿನ ಮೆಟ್ಟಿಲಿಗೇ ಹತ್ತೋಣ, ನಡುವಿನದು ಯಾಕೆ ಅಂದ್ಕೊಂಡೆ."

"ನಡುವಿನ ಮೆಟ್ಟಿಲು ಬಿಟ್ಟು ಹತ್ತಿದವರ ಹಲ್ಲು ನಿನ್ನ ಹೆಂಡತಿ ಕೈಗೇ ಬರುತ್ತೆ."

ಡ್ರೈವರ್ ಕಿಟಕಿಯ ಪರದೆ ಎಳೆದು ಹತ್ತಿರ ಬಂದ. "ಡಿಪೋ ಹತ್ರ ಒಬ್ಬ ಇದ್ದಾನೆ. ಹಳೇ ತಾರೀಖಿನ ಬಾಡಿಗೆ ಕರಾರು ಹುಟ್ಟಿಸಿ ಕೊಡ್ತಾನಂತೆ. ಐದು ವರ್ಷ ಹಿಂದಿನದು. ಅದನ್ನ ಲಗತ್ತಿಸಿಬಿಟ್ರೆ..."

"ಬಾಯಿ ಮುಚ್ಚು!" ದೊಡ್ಡಮ್ಮ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದಳು. "ಇಲ್ಲಿ ತನಕ ನೀನು ಮಾಡಿದ್ದು ತಪ್ಪು. ಅದನ್ನ ಮಾಡಿದ್ರೆ ಅಪರಾಧ. ತಪ್ಪಿಗೆ ವಿವರಣೆ ಕೊಡಬಹುದು. ಸುಳ್ಳು ಕಾಗದಕ್ಕೆ ಏನು ವಿವರಣೆ ಕೊಡ್ತೀಯ?"

"ಹಾಗಂತ ಕಚೇರಿಗೆ ಹೋಗೋದಾ? ನಾವಾಗೇ ಹೋಗಿ ಹುಲಿ ಬಾಯಿಗೆ ತಲೆ ಕೊಟ್ಟ ಹಾಗಲ್ವಾ?"

"ಹತ್ತೊಂಬತ್ತು ದಾಟಲಿ, ಹುಲಿನೇ ವಿಳಾಸ ಕೇಳ್ಕೊಂಡು ಬರುತ್ತೆ. ನಾಳೆ ಇಬ್ರೂ ರಜ ಹಾಕಿ. ಇವಳು ಓದಿದ ಕಾಲೇಜಲ್ಲಿ ವಿದೇಶಿ ವಿದ್ಯಾರ್ಥಿಗಳ ವಿಭಾಗ ಇದೆ. ಹಳೇ ವಿದ್ಯಾರ್ಥಿಗಳಿಗೂ ಸಲಹೆ ಕೊಡ್ತಾರೆ, ಬಿಟ್ಟಿ. ಸರ್ಕಾರ ಒಪ್ಪಿದ ಸಲಹೆಗಾರ್ತಿ ಕೂತಿರ್ತಾಳೆ. ಹೋಗೋವಾಗ ಪಾಸ್‌ಪೋರ್ಟು, ಅರ್ಜಿಯ ನಕಲು, ಈ ಕಾಗದ, ಮೂರೂ ತಗೊಂಡು ಹೋಗಿ. ಪುಟ್ಟಿ ನನ್ನ ಹತ್ರ ಇರಲಿ."

ಆ ಸಲಹೆಗಾರ್ತಿಯ ಕೋಣೆ ಕಾಲೇಜಿನ ನೆಲಮಾಳಿಗೆಯಲ್ಲಿತ್ತು. ಒಂದು ಮೇಜು, ಎರಡು ಕುರ್ಚಿ, ಗೋಡೆಯ ತುಂಬ ಕ್ಯಾಲೆಂಡರ್. ಅವಳು ಕಾಗದ ಓದಿ ಮುಖ ಗಂಟಿಕ್ಕಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಪಾಸ್‌ಪೋರ್ಟ್ ತೆರೆದು, ಮುದ್ರೆಗಳ ಕೆಳಗೆ ಸ್ಕೇಲು ಇಡುತ್ತ ಹೋದಳು. ಆ ಕೆಲಸದ ರೀತಿ ಹಲ್ಲಿನಕ್ಕನಿಗೆ ಪರಿಚಿತ. ಅಳತೆ ಮುಗಿಯುವ ತನಕ ಅಭಿಪ್ರಾಯವಿಲ್ಲ.

"ನಡುವೆ ದೇಶ ಬಿಟ್ಟು ಹೋಗಿದ್ದಿರಾ?"

ಡ್ರೈವರ್ ಮೇಜಿನ ಕೆಳಗೆ ಹೆಂಡತಿಯ ಕಾಲು ಒತ್ತಿದ. ಅರ್ಜಿಯಲ್ಲಿ ಅವನು 'ಇಲ್ಲ' ಎಂದು ಬರೆದಿದ್ದ. ಮರೆತಿರಲಿಲ್ಲ. ಹೆಂಡತಿ ತನ್ನ ತಂಗಿಯ ಬಾಣಂತನಕ್ಕೆ ಹೋದದ್ದು ಯಾವ ಲೆಕ್ಕಕ್ಕೆ ಎಂದುಕೊಂಡು ಬಿಟ್ಟಿದ್ದ.

ಹಲ್ಲಿನಕ್ಕ ಮೇಜಿನ ಮೇಲಿದ್ದ ಅರ್ಜಿಯ ನಕಲಿನಲ್ಲಿ ಆ 'ಇಲ್ಲ'ವನ್ನು ಕಂಡಳು. ಹೌದೆಂದರೆ ಎರಡನೆಯ ಸುಳ್ಳೂ ಹೊರಬರುತ್ತದೆ. ಇಲ್ಲವೆಂದರೆ ಅದು ಮೂರನೆಯದು. ಅವಳು ಕಾಲು ಹಿಂದಕ್ಕೆಳೆದುಕೊಂಡಳು.

"ಹೋಗಿದ್ದೆ. ನಲವತ್ತಾರು ದಿನ. ತಂಗಿಗೆ ಹೆರಿಗೆಯಾಗಿತ್ತು."

"ಒಳ್ಳೆಯದಾಯ್ತು ಹೇಳಿದ್ದು. ನೀವು ಗಡಿ ದಾಟಿದ ಪ್ರತಿ ಸಲವೂ ಅವರ ಕಂಪ್ಯೂಟರಿನಲ್ಲಿ ಇರುತ್ತೆ. ನೀವು ಮರೀಬಹುದು, ಅದು ಮರೆಯೋದಿಲ್ಲ."

ಅವಳು ಕಾಗದದ ಮೇಲೆ ಬರೆದು ತೋರಿಸಿದಳು. ಓದಿನ ಪರವಾನಗಿಯಲ್ಲಿ ಇದ್ದದ್ದು ಎಂಟುನೂರ ಇಪ್ಪತ್ತೊಂದು ದಿನ. ಆ ದೇಶದ ಕಾನೂನಿನಲ್ಲಿ ಓದಿನ ದಿನಕ್ಕೆ ಅರ್ಧ ಬೆಲೆ. ಅಂದರೆ, ಉಳಿದ ಅರ್ಧ ದಿನ ಬಿಟ್ಟು, ನಾನೂರ ಹತ್ತು. ಕೆಲಸದ ಪರವಾನಗಿಯಲ್ಲಿ ಅಂದಿನವರೆಗೆ ಏಳುನೂರ ಹದಿನೆಂಟು. ಅದರಲ್ಲಿ ಹೊರಗಿದ್ದ ನಲವತ್ತಾರು ಕಳೆಯಬೇಕು. ಒಟ್ಟು ಸಾವಿರದ ಎಂಬತ್ತೆರಡು. ಬೇಕಾದದ್ದು ಸಾವಿರದ ಎಂಟುನೂರ ಇಪ್ಪತ್ತೈದು.

"ಇನ್ನೂ ಏಳುನೂರ ನಲವತ್ಮೂರು ದಿನ," ಎಂದಳು ಹಲ್ಲಿನಕ್ಕ, ಸಲಹೆಗಾರ್ತಿ ಬರೆಯುವ ಮೊದಲೇ.

"ಅಯ್ಯೋ, ಓದಿದ್ದಕ್ಕೆ ಅರ್ಧವಾ?" ಎಂದ ಡ್ರೈವರ್. "ನಿದ್ದೆಗೆಟ್ಟು ಓದಿದ್ದಾಳೆ ಮೇಡಂ ಇವಳು!"

"ಕೆಲವು ದೇಶಗಳಲ್ಲಿ ಓದಿನ ದಿನಕ್ಕೆ ಬೆಲೆಯೇ ಇಲ್ಲ. ಕೆಲವು ಕಡೆ ಪೂರ್ತಿ ಇದೆ. ಆದ್ದರಿಂದಲೇ ಕೇಳಬೇಕು ಅನ್ನೋದು." ಸಲಹೆಗಾರ್ತಿ ಪೆನ್ನು ಕೆಳಗಿಟ್ಟಳು. "ಈಗ ಗಮನ ಇಟ್ಟು ಕೇಳಿ. ಓದಲು ಬಂದವರು ಓದು ಮುಗಿದ ಮೇಲೆ ಕೆಲಸದ ಪರವಾನಗಿ ತಗೋಬೇಕು. ಅದು ಮುಗಿಯೋ ಮುಂಚೆ ಖಾಯಂ ವಾಸಕ್ಕೆ ಅರ್ಜಿ ಹಾಕಬೇಕು. ಅದು ಸಿಕ್ಕಿ, ದಿನಗಳು ತುಂಬಿದ ಮೇಲೆ ಪೌರತ್ವದ ಅರ್ಜಿ. ಆಗ ಭಾಷೆಯ ಪರೀಕ್ಷೆ, ದೇಶದ ಬಗ್ಗೆ ಪರೀಕ್ಷೆ, ತೆರಿಗೆ ಕಟ್ಟಿದ್ದೀರಾ, ಪೊಲೀಸ್ ಕೇಸು ಇದೆಯಾ ಅಂತೆಲ್ಲ ನೋಡ್ತಾರೆ. ಕೊನೆಗೆ ಪ್ರಮಾಣವಚನ. ಈ ಸರಪಣಿಯಲ್ಲಿ ಒಂದು ಕೊಂಡಿ ತಪ್ಪಿದರೂ, ಒಂದು ದಿನ ಪರವಾನಗಿ ಇಲ್ಲದೆ ಇದ್ದರೂ, ಎಣಿಕೆ ಮತ್ತೆ ಸೊನ್ನೆಯಿಂದ."

"ಸೊನ್ನೆಯಿಂದ," ಎಂದು ಡ್ರೈವರ್ ತನಗೆ ತಾನೇ ಹೇಳಿಕೊಂಡ.

"ಎಣಿಕೆ ಆಮೇಲಿನ ಮಾತು. ಮೊದಲು ದೇಶ ಬಿಡಿ ಅಂತ ನೋಟೀಸು ಬರುತ್ತೆ."

ಹಲ್ಲಿನಕ್ಕನಿಗೆ ಇನ್ನೊಂದು ಅನುಮಾನ ಬಹಳ ದಿನದಿಂದ ಕಾಡುತ್ತಿತ್ತು. ಇಲ್ಲಿಯ ಪ್ರಜೆಯಾದರೆ ಹುಟ್ಟಿದ ದೇಶದ ಪೌರತ್ವ ಬಿಡಬೇಕೇ?

"ಕೆಲವು ದೇಶ ಎರಡನ್ನೂ ಇಟ್ಕೊಳ್ಳೋಕೆ ಬಿಡುತ್ತೆ, ಕೆಲವು ಬಿಡೋದಿಲ್ಲ. ನಿಮ್ಮ ದೇಶದ ರಾಯಭಾರ ಕಚೇರಿಯಲ್ಲಿ ಕೇಳಿ. ಪ್ರಮಾಣವಚನಕ್ಕೆ ಮೊದಲೇ ಕೇಳಬೇಕು, ಆಮೇಲೆ ಕೇಳಿ ಪ್ರಯೋಜನ ಇಲ್ಲ."

ದಾರಿ ಒಂದೇ ಇತ್ತು. ಪೌರತ್ವದ ಅರ್ಜಿ ಹಿಂದಕ್ಕೆ ಪಡೆಯುವುದು, ತಪ್ಪು ಹೇಗಾಯಿತೆಂದು ಇದ್ದದ್ದು ಇದ್ದ ಹಾಗೆ ಬರೆದು ಕೊಡುವುದು, ಹತ್ತೊಂಬತ್ತರೊಳಗೆ ಖಾಯಂ ವಾಸಕ್ಕೆ ಅರ್ಜಿ ಹಾಕುವುದು.

"ನಂಬ್ತಾರಾ?" ಎಂದು ಕೇಳಿದ ಡ್ರೈವರ್.

"ಖಾತ್ರಿ ಕೊಡಲಾರೆ. ನಿಜ ಹೇಳಿದವರನ್ನೆಲ್ಲ ನಂಬಿದ್ದನ್ನ ನೋಡಿಲ್ಲ. ಸುಳ್ಳು ಕಾಗದ ಕೊಟ್ಟವರು ಉಳಿದಿದ್ದನ್ನ ಮಾತ್ರ ನಾನು ಒಂದು ಸಲವೂ ನೋಡಿಲ್ಲ."

ಎರಡು ದಿನ ಕೂತು ಬರೆದರು. ವಿವರಣೆಯನ್ನು ಈ ಸಲ ಹಲ್ಲಿನಕ್ಕನೇ ಬರೆದಳು. ನಮ್ಮ ಭಾಷೆಯಲ್ಲಿ ವಯಸ್ಸನ್ನೂ ಕಾಲವನ್ನೂ ಹೇಳುವಾಗ ತುಂಬಿದ ವರ್ಷ, ಬಿದ್ದ ವರ್ಷ ಎಂದು ಎರಡು ಮಾತುಗಳಿವೆ. ನಡೆಯುತ್ತಿರುವ ವರ್ಷವನ್ನೇ ನಾವು ಲೆಕ್ಕಕ್ಕೆ ಹಿಡಿದೆವು. ಪ್ರವಾಸವನ್ನು ಬರೆಯದೆ ಬಿಟ್ಟದ್ದು ಮಾತ್ರ ಭಾಷೆಯ ತಪ್ಪಲ್ಲ, ನಮ್ಮದೇ ತಪ್ಪು. ಕೊನೆಯ ವಾಕ್ಯವನ್ನು ತೆಗೆದುಬಿಡು ಎಂದು ಡ್ರೈವರ್ ಗೋಗರೆದ. ಅವಳು ತೆಗೆಯಲಿಲ್ಲ.

ಹನ್ನೆರಡನೆಯ ತಾರೀಖು ವಲಸೆ ಕಚೇರಿ. ಸಾಲು ಸಾಲು ಪ್ಲಾಸ್ಟಿಕ್ ಕುರ್ಚಿ, ಗೋಡೆಯ ಮೇಲೆ ಕೆಂಪು ಅಂಕಿ. ಅವರ ಚೀಟಿ ಅರವತ್ತೆಂಟು. ಅರವತ್ತೇಳು ಒಬ್ಬ ನರ್ಸಿಂಗ್ ವಿದ್ಯಾರ್ಥಿನಿಯದು. ಅವಳು ಗಾಜಿನ ಕಿಂಡಿಯ ಮುಂದೆ ನಿಂತು ಹೇಳುತ್ತಿದ್ದದ್ದು ಇವರಿಗೆ ಕೇಳಿಸಿತು. ಪರೀಕ್ಷೆ ಇತ್ತು, ಮರೆತುಬಿಟ್ಟೆ, ಪರವಾನಗಿ ಮುಗಿದು ನಲವತ್ತು ದಿನವಷ್ಟೇ ಆಗಿದೆ. ಕಿಂಡಿಯೊಳಗಿನ ಅಧಿಕಾರಿ ಧ್ವನಿ ಏರಿಸಲಿಲ್ಲ. "ಇದು ನನ್ನ ಕೈ ಮೀರಿದೆ. ಇವತ್ತೇ ವಕೀಲರನ್ನು ಕಾಣಿ," ಎಂದು ಪಕ್ಕದ ಕೋಣೆ ತೋರಿಸಿದರು. ಆ ಹುಡುಗಿ ಬಾಗಿಲನ್ನು ಎಳೆಯಬೇಕೋ ತಳ್ಳಬೇಕೋ ತಿಳಿಯದೆ ಸ್ವಲ್ಪ ಹೊತ್ತು ಅದರ ಮುಂದೆಯೇ ನಿಂತಿದ್ದಳು.

ಕೆಂಪು ಅಂಕಿ ಬದಲಾಯಿತು. ಡ್ರೈವರ್ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡ. "ಹೋಗ್ಬಿಡೋಣ ಕಣೇ," ಎಂದ ಪಿಸುದನಿಯಲ್ಲಿ.

"ಎಲ್ಲಿಗೆ ರೀ?" ಎಂದಳು ಅವಳು. ಹೇಳುತ್ತಲೇ ಕಿಂಡಿಯತ್ತ ಹೆಜ್ಜೆ ಹಾಕಿದಳು. ಅವನೂ ಎದ್ದು ಹಿಂಬಾಲಿಸಿದ.

ಅಧಿಕಾರಿ ವಿವರಣೆಯನ್ನು ಎರಡು ಸಲ ಓದಿದರು. "ಬಿದ್ದ ವರ್ಷ ಅಂದರೆ?"

"ಶುರುವಾದದ್ದು. ಮುಗಿದಿಲ್ಲದ್ದು."

"ಅದನ್ನೂ ವರ್ಷ ಅಂತೀರಾ?"

"ಮಾತಿನಲ್ಲಿ ಅಂತೀವಿ. ಬರಹದಲ್ಲಿ ಅನ್ನಬಾರದಿತ್ತು."

ಅವರು ಪಾಸ್‌ಪೋರ್ಟಿನ ಮುದ್ರೆ ನೋಡಿದರು, ಕಂಪ್ಯೂಟರ್ ನೋಡಿದರು, ನಲವತ್ತಾರು ದಿನಕ್ಕೆ ಗುರುತು ಹಾಕಿಕೊಂಡರು. ಪೌರತ್ವದ ಅರ್ಜಿ ವಾಪಸಾತಿಗೆ ಒಂದು ರಸೀದಿ, ಖಾಯಂ ವಾಸದ ಅರ್ಜಿಗೆ ಇನ್ನೊಂದು ಕೊಟ್ಟರು. "ಗಡುವಿನೊಳಗೆ ಬಂದಿದ್ದೀರಿ. ತೀರ್ಮಾನ ಆಗುವ ತನಕ ಈ ರಸೀದಿಯ ಮೇಲೆ ಇಲ್ಲಿ ಇರಬಹುದು. ಸುಳ್ಳು ಹೇಳಿಕೆಯ ವಿಷಯ ಬೇರೆಯವರು ನೋಡುತ್ತಾರೆ. ಕಾಗದ ಬರುತ್ತದೆ."

ಹನ್ನೊಂದು ವಾರ ಕಾದರು. ಆ ವಾರಗಳನ್ನು ಬಣ್ಣಿಸುವುದು ಕಷ್ಟ. ಹಲ್ಲಿನಕ್ಕ ಒಂದೇ ದವಡೆಯ ಸೆಟ್ಟನ್ನು ಮೂರು ಸಲ ಒಡೆದು ಮಾಡಿದಳು. ಡ್ರೈವರ್ ನಿಲ್ದಾಣ ಬಂದರೂ ನಿಲ್ಲಿಸದೆ ಹೋಗಿ ಪ್ರಯಾಣಿಕರಿಂದ ಬೈಸಿಕೊಂಡ. ಪುಟ್ಟಿ ತನ್ನ ಆಟಿಕೆಗಳನ್ನೆಲ್ಲ ಶಾಲೆಯ ಚೀಲಕ್ಕೆ ತುಂಬಿಟ್ಟಿದ್ದಳು, ಯಾರೂ ಹೇಳಿಕೊಡದೆಯೇ. ಆದರೂ ಒಂದು ವ್ಯತ್ಯಾಸವಿತ್ತು. ಮೊದಲಿನ ಭಯಕ್ಕೆ ಆಕಾರವಿರಲಿಲ್ಲ, ಪ್ರತಿಯೊಂದು ಸಮವಸ್ತ್ರವೂ ಅದೇ ಆಗಿತ್ತು. ಈಗ ಏನಾಗಬಹುದು, ಏನಾಗಲಾರದು ಎಂದು ಇಬ್ಬರಿಗೂ ಗೊತ್ತಿತ್ತು. ಗೊತ್ತಿರುವ ಭಯದ ಜೊತೆ ಬಾಳುವುದೂ ಕಷ್ಟವೇ, ಆದರೆ ಬಾಳಬಹುದು.

ತೀರ್ಮಾನ ಬಂದ ದಿನ ಡ್ರೈವರ್ ಮೆಟ್ಟಿಲ ಮೇಲೆಯೇ ನಿಂತು ಓದಿದ. ವಿವರಣೆಯನ್ನು ಒಪ್ಪಲಾಗಿದೆ. ಪ್ರವಾಸ ತಿಳಿಸದೆ ಇದ್ದದ್ದಕ್ಕೆ ಎಚ್ಚರಿಕೆ ಕೊಡಲಾಗಿದೆ, ಅದು ಕಡತದಲ್ಲಿ ಉಳಿಯುತ್ತದೆ. ಖಾಯಂ ವಾಸದ ಪರವಾನಗಿ ಮಂಜೂರಾಗಿದೆ, ಮೂವರಿಗೂ. ಅವನು ಮೆಟ್ಟಿಲ ಮೇಲೆ ಕೂತುಬಿಟ್ಟ. ದೊಡ್ಡಮ್ಮ ಕೆಳಗಿನಿಂದ ಕೂಗಿ ಕೇಳಿದಳು, "ಏನಾಯ್ತೋ?"

"ಇರಿ ಅಂದ್ರು ದೊಡ್ಡಮ್ಮ!"

"ಪೌರತ್ವ?"

"ದಿನ ತುಂಬಲಿ. ತುಂಬಿದ ಮೇಲೆ ಹಾಕ್ತೀವಿ. ಅರ್ಜಿ ಅವಳೇ ಬರೀತಾಳೆ, ನಾನು ಓದಿ ನೋಡ್ತೀನಿ."

ಈಗ ಡಿಪೋದಲ್ಲಿ ಯಾರಾದರೂ ಪರವಾನಗಿಯ ಮಾತೆತ್ತಿದರೆ ಅವನೇ ಮುಂದೆ ಬಿದ್ದು ಕೇಳುತ್ತಾನೆ: ಮುಗಿಯೋ ತಾರೀಖು ಯಾವುದು? ಎಷ್ಟು ದಿನ ಹೊರಗಿದ್ದೆ? ಯಾರ ಹತ್ರ ಕೇಳಿದೆ? ಹಳೇ ತಾರೀಖಿನ ಕರಾರು ಮಾಡಿಕೊಡುವವನು ಇವನನ್ನು ಕಂಡರೆ ರಸ್ತೆ ದಾಟುತ್ತಾನೆ.

ಓದಲು ಹೊರದೇಶಕ್ಕೆ ಹೋದ ತಮ್ಮ ತಂಗಿಯರೇ, ಅವರ ಮನೆಯವರೇ, ಈ ಕಥೆಯ ದಿನಗಳ ಲೆಕ್ಕ ಇದರೊಳಗಿನ ದೇಶದ್ದು, ನಿಮ್ಮದಲ್ಲ. ಎಷ್ಟು ವರ್ಷ ಇರಬೇಕು, ಓದಿನ ದಿನಕ್ಕೆ ಬೆಲೆ ಎಷ್ಟು, ನಡುವೆ ಯಾವ ಪರವಾನಗಿ ಬೇಕು, ಇವೆಲ್ಲ ದೇಶದಿಂದ ದೇಶಕ್ಕೆ ಬೇರೆ, ವರ್ಷದಿಂದ ವರ್ಷಕ್ಕೂ ಬದಲಾಗುತ್ತವೆ. ಗೆಳೆಯ ಹೇಳಿದ, ಯಾರೋ ವಿಡಿಯೋ ಹಾಕಿದ್ದರು ಎಂದು ಸಹಿ ಮಾಡಬೇಡಿ. ಸರ್ಕಾರದ ಅಧಿಕೃತ ಜಾಲತಾಣ ನೋಡಿ, ನಿಮ್ಮ ಕಾಲೇಜಿನಲ್ಲಿ ಕೇಳಿ, ಮಾನ್ಯತೆ ಪಡೆದ ಸಲಹೆಗಾರರನ್ನು ಕಾಣಿ. ದೇಶ ಬಿಟ್ಟ ದಿನ, ಮರಳಿದ ದಿನ ಎರಡನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಸಹಿ ಯಾರದೋ ಓದುವುದೂ ಅವರದೇ ಕೆಲಸ. ತಪ್ಪಾಗಿದ್ದರೆ ಬೇರೆಯವರು ಕಂಡುಹಿಡಿಯುವ ಮೊದಲು ನೀವೇ ಹೇಳಿ.

ಹೆದರಿಕೆ ಹೋಗಲಿ, ಆಮೇಲೆ ಹೋಗುತ್ತೇನೆ ಎಂದು ಕಾಯಬೇಡಿ. ಅದು ಅಷ್ಟು ಬೇಗ ಹೋಗುವುದಿಲ್ಲ. ಹೆದರಿಕೊಂಡೇ ಹೋಗಿ, ಆದರೆ ಗಡುವು ಮೀರುವ ಮೊದಲು ಹೋಗಿ.